ನಾಗವಲ್ಲಿಯನ್ನು ಕಂಡೆವು, ಗಂಗೆಯನ್ನು ಮರೆತೆವು

ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗಲೆಲ್ಲ ನಾವು ಗಂಡ ಹೆಂಡತಿ ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತಿದ್ದೆವು. ಈ ಸಲ ತಪ್ಪಿಸಿಕೊಳ್ಳಲಿಲ್ಲ. ಹೇಳಬೇಕಾದ ಒಂದು ಮಾತು ಸುಮಾರು ಇಪ್ಪತ್ತು ವರ್ಷದಿಂದ ಗಂಟಲಲ್ಲೇ ನಿಂತಿತ್ತು. ಅದನ್ನು ಹೊರಗೆ ತರಲು ನೆಪವಾದದ್ದು ಒಂದು ಸಿನಿಮಾ.

ಕಳೆದ ಚಳಿಗಾಲದ ರಜೆಯಲ್ಲಿ ಮೋರಿಸ್‌ವಿಲ್‌ನ ಸ್ನೇಹಿತರ ಮನೆಯಲ್ಲಿ ನಾಲ್ಕು ಕುಟುಂಬ ಸೇರಿದ್ದೆವು. ಬಿಸಿಬೇಳೆಬಾತು, ಬೂಂದಿ ಮೊಸರು ಎಲ್ಲ ಮುಗಿದ ಮೇಲೆ ಯಾರೋ 'ಆಪ್ತಮಿತ್ರ' ಹಾಕೋಣ ಎಂದರು. ಹಿರಿಯರಿಗೆಲ್ಲ ಬಾಯಿಪಾಠವಾದ ಚಿತ್ರ. ಕಾಲೇಜಿಗೆ ಹೋಗುವ ಮಕ್ಕಳು ಮಾತ್ರ ಮೊದಲ ಸಲ ನೋಡುತ್ತಿದ್ದರು. ನಾವು ಅವರಿಗೆ, "ಭಾರಿ ದೆವ್ವದ ಸಿನಿಮಾ, ರಾತ್ರಿ ನಿದ್ದೆ ಬರಲ್ಲ ನೋಡಿ" ಎಂದು ಪೀಠಿಕೆ ಹಾಕಿದೆವು. ಚಿತ್ರ ಮುಗಿದ ಮೇಲೆ ಒಬ್ಬ ಹುಡುಗಿ ತನ್ನ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು: "ಆಂಟಿ, ದೆವ್ವ ಎಲ್ಲಿತ್ತು? ಅವಳಿಗೆ ಕಾಯಿಲೆ ಅಂತ ಡಾಕ್ಟರೇ ಹೇಳಿದರಲ್ಲ. ಮತ್ತೆ ನೀವೆಲ್ಲ ಯಾಕೆ ದೆವ್ವದ ಸಿನಿಮಾ ಅಂತೀರಿ?"

ಎಲ್ಲರೂ ನಕ್ಕೆವು. ಉತ್ತರ ಮಾತ್ರ ಯಾರ ಬಳಿಯೂ ಇರಲಿಲ್ಲ. ಆ ಪ್ರಶ್ನೆಗೆ ಈಗ ನಿಧಾನವಾಗಿ ಉತ್ತರ ಹುಡುಕಲು ಹೊರಟಿದ್ದೇವೆ.

ಮೊದಲು ಚಿತ್ರ ಬಂದ ಬಗೆ. 'ಆಪ್ತಮಿತ್ರ' ತೆರೆ ಕಂಡದ್ದು 2004ರ ಆಗಸ್ಟ್ 27ರಂದು. ನಿರ್ದೇಶನ ಪಿ. ವಾಸು, ಸಂಗೀತ ಗುರುಕಿರಣ್, ನಿರ್ಮಾಪಕರು ನಮ್ಮ ದ್ವಾರಕೀಶ್. 'ಮೇಯರ್ ಮುತ್ತಣ್ಣ'ನ ಕಾಲದಿಂದ ಚಿತ್ರ ತೆಗೆಯುತ್ತ ಬಂದಿದ್ದ ದ್ವಾರಕೀಶ್ ಆ ಹೊತ್ತಿಗೆ ಸೋಲಿನ ಮೇಲೆ ಸೋಲು ಕಂಡು ಬಸವಳಿದಿದ್ದರು. ವಿಷ್ಣುವರ್ಧನ್ ಜೊತೆಗಿನ ಅವರ ಹಳೆಯ ಗೆಳೆತನವೂ ಮುರಿದಿತ್ತು. ಮುರಿದ ಗೆಳೆತನ ಮತ್ತೆ ಕೂಡಿ ಮಾಡಿದ ಚಿತ್ರಕ್ಕೆ 'ಆಪ್ತಮಿತ್ರ' ಎಂದು ಹೆಸರು! ಚಿತ್ರ ಕೆಲವು ಕಡೆ ಒಂದು ವರ್ಷ ಓಡಿತು. ದ್ವಾರಕೀಶ್ ಮತ್ತೆ ತಲೆ ಎತ್ತಿದರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ನೆನೆದ ಚಿತ್ರಗಳಲ್ಲಿ ಇದೂ ಒಂದು.

ಕಥೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಮೂಲ 1993ರ ಡಿಸೆಂಬರ್ 25ರಂದು ಬಿಡುಗಡೆಯಾದ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'. ಬರೆದವರು ಮಧು ಮುಟ್ಟಂ, ನಿರ್ದೇಶಿಸಿದವರು ಫಾಸಿಲ್. ಕೇರಳದ ಒಂದು ಹಳೆಯ ಮನೆತನದಲ್ಲಿ ನಡೆದ ದುರಂತ ಆ ಕಥೆಗೆ ಬೀಜ ಎಂದು ಹೇಳುತ್ತಾರೆ. ಗಂಗೆಯ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಇದೇ ಕಥೆ ಕನ್ನಡಕ್ಕೆ ಬಂತು, 2005ರಲ್ಲಿ ರಜನೀಕಾಂತ್‌ಗಾಗಿ ತಮಿಳಿನ 'ಚಂದ್ರಮುಖಿ' ಆಯಿತು, 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಆಯಿತು. ತಮಿಳು ಚಿತ್ರವನ್ನು ಮಾಡಿದವರೂ ವಾಸು ಅವರೇ.

ಕಥೆ ನಿಮಗೆ ಗೊತ್ತೇ ಇದೆ. ಆದರೂ ಎರಡು ಸಾಲಿನಲ್ಲಿ ಹೇಳುತ್ತೇವೆ. ರಮೇಶ್ ಮತ್ತು ಗಂಗಾ ದಂಪತಿ ಒಂದು ಹಳೆಯ ಅರಮನೆಗೆ ಬರುತ್ತಾರೆ. ಅಲ್ಲಿ ಬೀಗ ಹಾಕಿದ ಒಂದು ಕೋಣೆ. ಹಿಂದೆ ರಾಜನೊಬ್ಬ ಆಂಧ್ರದಿಂದ ಕರೆತಂದ ನಾಗವಲ್ಲಿ ಎಂಬ ನರ್ತಕಿ ಅವನ ಕ್ರೌರ್ಯಕ್ಕೆ ಬಲಿಯಾದಳು, ಅವಳ ಆತ್ಮ ಅಲ್ಲಿದೆ ಎಂದು ಊರವರ ನಂಬಿಕೆ. ಗಂಗಾ ಆ ಕೋಣೆ ತೆರೆಸುತ್ತಾಳೆ. ಅಲ್ಲಿಂದ ಮನೆಯಲ್ಲಿ ಒಂದೊಂದೇ ಅನಾಹುತ. ಎಲ್ಲರ ಸಂಶಯ ಇನ್ನೊಬ್ಬ ಹುಡುಗಿಯ ಮೇಲೆ. ಕೊನೆಗೆ ರಮೇಶನ ಗೆಳೆಯ, ಮನೋವೈದ್ಯ ವಿಜಯ್, ಇದು ದೆವ್ವವಲ್ಲ, ಮನಸ್ಸು ಒಡೆದು ಎರಡಾದ ಗಂಗೆಯೇ ನಾಗವಲ್ಲಿ ಎಂದು ತಿಳಿಸುತ್ತಾನೆ.

ಈ ಸಲ ಮತ್ತೆ ನೋಡುವಾಗ ನಮಗೆ ಹೊಳೆದ ಒಂದು ವಿಷಯ ಭಾಷೆಯದು. ಮಲಯಾಳಂನಲ್ಲಿ ಆ ನರ್ತಕಿ ತಂಜಾವೂರಿನವಳು, ತಮಿಳು ಮಾತನಾಡುತ್ತಾಳೆ. ಕನ್ನಡದಲ್ಲೂ ತಮಿಳಿನಲ್ಲೂ ಅವಳು ತೆಲುಗಿನವಳು. ಹಿಂದಿಯಲ್ಲಿ ಬಂಗಾಳಿ. ಯಾವ ಭಾಷೆಗೆ ಹೋದರೂ ನರ್ತಕಿ ಪಕ್ಕದ ಮನೆಯ ಭಾಷೆಯವಳೇ! ಮನೆಯ ಹೆಣ್ಣುಮಗಳ ಬಾಯಲ್ಲಿ ಇದ್ದಕ್ಕಿದ್ದಂತೆ ಪರಭಾಷೆ ಬಂದರೆ ಸಾಕು, "ಇವಳು ನಮ್ಮವಳಲ್ಲ" ಎಂದು ನಮಗೆ ಭಯವಾಗುತ್ತದೆ. ಹಲ್ಲು ಕೋರೆ ಏನೂ ಬೇಕಾಗುವುದಿಲ್ಲ. ಊಟದ ಮೇಜಿನಲ್ಲಿ ಮಗ ನಮಗೆ ತಿಳಿಯದ ಇಂಗ್ಲಿಷಿನಲ್ಲಿ ಫೋನಿಗೆ ಏನೋ ಗೊಣಗಿದಾಗ ನಮ್ಮಂಥ ಅಪ್ಪ ಅಮ್ಮಂದಿರಿಗೆ ಆಗುವ ಸಣ್ಣ ಭಯವೂ ಇದೇ ಜಾತಿಯದು. ಕಥೆ ಬರೆದವರು ಈ ಮರ್ಮವನ್ನು ಹಿಡಿದಿದ್ದರಿಂದಲೇ ಅದು ಎಲ್ಲ ಭಾಷೆಯಲ್ಲೂ ಗೆದ್ದಿತು ಎಂಬುದು ನಮ್ಮ ಅನಿಸಿಕೆ.

ಕನ್ನಡದ ಮಟ್ಟಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯವರು. ತಂದೆ ಸತ್ಯನಾರಾಯಣ ಅವರೂ ಕನ್ನಡ ಚಿತ್ರರಂಗದವರೇ. ಆದರೆ ಆಕೆ ದೊಡ್ಡ ತಾರೆಯಾದದ್ದು ತೆಲುಗಿನಲ್ಲಿ. ಹಾಗಾಗಿ ಗಂಗೆಯ ಕನ್ನಡವೂ ನಾಗವಲ್ಲಿಯ ತೆಲುಗೂ ಆಕೆಗೆ ಎರಡೂ ಸ್ವಂತ. ಗಂಡ "ಹೊರಗೆ ಹೋಗಬೇಡ" ಎಂದು ತಡೆದಾಗ ಮುಖದಲ್ಲಿ ಬರುವ ಆ ಬದಲಾವಣೆಯನ್ನು ನೋಡಿ. ಮೊದಲು ಪೆಚ್ಚಾದ ಹೆಂಡತಿ, ಆಮೇಲೆ ಹಟದ ಮಗು, ಆಮೇಲೆ ಯಾರೋ. ಮೂರೂ ಒಂದರ ಹಿಂದೊಂದು ಬಂದು ಹೋಗುತ್ತವೆ. ಮೇಕಪ್ಪಿನಿಂದ ಆಗುವ ಕೆಲಸವಲ್ಲ ಅದು. ಇದಕ್ಕೆ ಎರಡು ವರ್ಷ ಮೊದಲು, 2002ರಲ್ಲಿ, ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ಆಕೆಯೇ ನಿರ್ಮಿಸಿ ನಟಿಸಿದ್ದರು. ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಮುಳುಗುವ ಊರಿನ ನಾಗಿಯನ್ನು ಮಾಡಿದ ಕಲಾವಿದೆಯೇ ಈ ನಾಗವಲ್ಲಿಯನ್ನೂ ಮಾಡಿದ್ದು ಎಂದರೆ ಆಕೆಯ ಹರಹು ತಿಳಿಯುತ್ತದೆ.

ಆದರೆ ತನ್ನ ಗಂಗೆಯನ್ನು ಜನ ಹೇಗೆ ನೋಡಿದರು ಎಂದು ಆಕೆಗೆ ತಿಳಿಯಲೇ ಇಲ್ಲ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಹೊರಟ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನ ಬಳಿ ಬಿದ್ದು, ಸೌಂದರ್ಯ ಮತ್ತು ಅಣ್ಣ ಅಮರನಾಥ್ ತೀರಿಕೊಂಡರು. ಚಿತ್ರ ಬಂದದ್ದು ನಾಲ್ಕು ತಿಂಗಳ ಮೇಲೆ. ಆ ಪಾತ್ರಕ್ಕೆ ಬಂದ ಫಿಲ್ಮ್‌ಫೇರ್ ಪ್ರಶಸ್ತಿಯೂ ಮರಣೋತ್ತರವಾಯಿತು. ಥಿಯೇಟರಿನಲ್ಲಿ ಕುಳಿತವರು ನೋಡುತ್ತಿದ್ದದ್ದು ಸತ್ತವಳೊಬ್ಬಳು ಮೈಮೇಲೆ ಬಂದಂತೆ ಆಡುವ ಹೆಣ್ಣನ್ನು, ಅದನ್ನು ಅಭಿನಯಿಸಿದವರೂ ಇಲ್ಲ. ಚಿತ್ರ ಏನು ಹೇಳಿದರೂ ನೋಡುವವರ ಮನಸ್ಸು ಆಗಲೇ ಬೇರೆ ಕಡೆ ವಾಲಿತ್ತು.

ಇನ್ನು ಚಿತ್ರದ ಗುಣದೋಷಕ್ಕೆ ಬರೋಣ. ಮೂಲದಲ್ಲಿ ಅಮೆರಿಕದಿಂದ ಬರುವ ಡಾಕ್ಟರು, ಅಂದರೆ ಮೋಹನ್‌ಲಾಲ್, ಬಹಳ ಹೊತ್ತಿನ ಮೇಲೆ ಮನೆಗೆ ಕಾಲಿಡುತ್ತಾರೆ. ಅಲ್ಲಿಯವರೆಗೆ ನಾವು ಗಂಗೆಯ ಜೊತೆ ಆ ಮನೆಯಲ್ಲಿ ಒಂಟಿಯಾಗಿ ಇರುತ್ತೇವೆ. ಕನ್ನಡದಲ್ಲಿ ಸಾಹಸಸಿಂಹ ವಿಷ್ಣುವರ್ಧನ್ ಅವರನ್ನು ಅಷ್ಟು ಹೊತ್ತು ಕಾಯಿಸಿದರೆ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಹಾಗಾಗಿ ಫೈಟು, ಹಾಡು, ತಮಾಷೆ ಎಲ್ಲವೂ ಬೇಕಾದವು. ಇದನ್ನು ನಾವು ದೂರುವುದಿಲ್ಲ. ಮದುವೆ ಊಟದಲ್ಲಿ ಎಲ್ಲರಿಗೂ ಬಡಿಸಬೇಕು. ಆದರೆ ಹೋಳಿಗೆಗೆ ಜಾಗ ಮಾಡಲು ಎಲೆಯಿಂದ ಕೋಸಂಬರಿ ತೆಗೆದಿದ್ದಾರೆ. ಆ ಕೋಸಂಬರಿ ಗಂಗೆಯ ಬಾಲ್ಯ.

ಮಲಯಾಳಂನಲ್ಲಿ ಅದಕ್ಕೆ ತೂಕವಿದೆ. ಅಪ್ಪ ಅಮ್ಮ ದೂರದ ಕಲ್ಕತ್ತೆಯಲ್ಲಿ, ಮಗು ಹಳ್ಳಿಯಲ್ಲಿ ಅಜ್ಜಿಯ ಮಡಿಲಲ್ಲಿ. ಅಜ್ಜಿಯ ಕಥೆ, ಕತ್ತಲೆ, ಹಾಡು ಇವೇ ಅವಳ ಪ್ರಪಂಚ. ಒಂದು ದಿನ ಅದರಿಂದ ಅವಳನ್ನು ಕಿತ್ತು ಕರೆದೊಯ್ಯಲು ಬರುತ್ತಾರೆ. ಅಲ್ಲೇ ಮನಸ್ಸಿನಲ್ಲಿ ಮೊದಲ ಬಿರುಕು. ಕನ್ನಡದಲ್ಲಿ ಈ ಎಳೆ ಮನಸ್ಸಿನಲ್ಲಿ ಅಷ್ಟು ನಿಲ್ಲುವುದಿಲ್ಲ, ಅರಮನೆಯ ಕಥೆ ಅದನ್ನು ನುಂಗುತ್ತದೆ. ನಮ್ಮ ಮಟ್ಟಿಗೆ ಇದು ದೊಡ್ಡ ನಷ್ಟ. ಕೆಲಸದ ಒತ್ತಡ, ವೀಸಾದ ತಾಪತ್ರಯ ಎಂದು ಕೈಕೂಸನ್ನು ಅಜ್ಜಿಯ ಮನೆಗೆ ಕಳಿಸಿ ಎರಡು ವರ್ಷದ ಮೇಲೆ ಕರೆತಂದವರು ನಮ್ಮ ನಡುವೆಯೇ ಇದ್ದಾರೆ. ಅವರೆಲ್ಲ ತಪ್ಪು ಮಾಡಿದರು ಎಂದಲ್ಲ, ಎಷ್ಟೋ ಮಕ್ಕಳು ಅದರಿಂದ ಚೆನ್ನಾಗಿಯೇ ಬೆಳೆದರು. ಆದರೆ ಗಂಗೆಯ ಕಾಯಿಲೆಯ ಬೇರು ಅರಮನೆಯ ಕೋಣೆಯಲ್ಲಿಲ್ಲ, ಒಂದು ಮಗುವಿನ ಒಂಟಿತನದಲ್ಲಿದೆ ಎಂಬುದನ್ನು ನಾವು ಸ್ಪಷ್ಟವಾಗಿ ನೋಡಬೇಕಿತ್ತು.

ಎರಡನೆಯ ಕೊರತೆ ಚಿಕಿತ್ಸೆಯದು. ಕಾಯಿಲೆ ಎಂದು ಹೇಳಿದ ಡಾಕ್ಟರೇ ಕೊನೆಗೆ ಏನು ಮಾಡುತ್ತಾನೆ? ಅವಿನಾಶ್ ಮಾಡಿದ ಆಚಾರ್ಯರ ಜೊತೆ ಸೇರಿ ಮಂತ್ರ, ಹೊಗೆ, ಕುಂಕುಮಗಳ ನಡುವೆ ಒಂದು ನಾಟಕ ಹೂಡುತ್ತಾನೆ. ನಾಗವಲ್ಲಿ ತನ್ನ ಸೇಡು ತೀರಿತೆಂದು ನಂಬುತ್ತಾಳೆ, ಆದರೆ ಸೇಡಿಗೆ ಸಿಕ್ಕಿದ್ದು ಮನುಷ್ಯನಲ್ಲ, ಒಂದು ಬೊಂಬೆ. ಮರುದಿನ ಗಂಗಾ ಮೊದಲಿನಂತೆ. ನಾಟಕವಾಗಿ ಇದು ಬಹಳ ಜಾಣ ಕಟ್ಟಡ. ದೆವ್ವ ಎನ್ನುವವರಿಗೆ ದೆವ್ವ ಬಿಟ್ಟಿತು, ಕಾಯಿಲೆ ಎನ್ನುವವರಿಗೆ ಕಾಯಿಲೆ ವಾಸಿಯಾಯಿತು. ಇಬ್ಬರೂ ಟಿಕೆಟ್ಟಿನ ದುಡ್ಡು ವಸೂಲಾಯಿತೆಂದು ಮನೆಗೆ ಹೋದರು. ಆದರೆ ನಿಜವಾದ ಕಾಯಿಲೆ ಹೀಗೆ ಒಂದೇ ರಾತ್ರಿಯಲ್ಲಿ, ಒಂದು ಹಾಡಿನ ಕೊನೆಗೆ ವಾಸಿಯಾಗುವುದಿಲ್ಲ. ತಿಂಗಳುಗಟ್ಟಲೆ ಮಾತು, ಬೇಕಾದರೆ ಮಾತ್ರೆ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಅದರಲ್ಲಿ ನಗಾರಿ ಬಡಿಯುವುದಿಲ್ಲ.

ಹಾಗೆಂದು ಚಿತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲೇಬೇಕು. ನಮ್ಮಲ್ಲಿ ಅದಕ್ಕೆ ಮೊದಲು ದೆವ್ವದ ಚಿತ್ರ ಎಂದರೆ ಅನಂತನಾಗ್, ಲಕ್ಷ್ಮಿ ನಟಿಸಿದ 1979ರ 'ನಾ ನಿನ್ನ ಬಿಡಲಾರೆ'. ಅಲ್ಲಿ ದೆವ್ವ ಎಂದರೆ ದೆವ್ವವೇ. 'ಆಪ್ತಮಿತ್ರ' ಲಕ್ಷಾಂತರ ಜನರ ಮುಂದೆ, ಅದೂ ದೊಡ್ಡ ನಾಯಕನ ಬಾಯಲ್ಲಿ, "ಇದು ಮನಸ್ಸಿನ ಕಾಯಿಲೆ, ಇವಳು ತಪ್ಪಿತಸ್ಥೆಯಲ್ಲ" ಎಂದು ಹೇಳಿಸಿತು. ಅದನ್ನು ಕೇಳಿ ರಮೇಶ್ ಅರವಿಂದ್ ಅವರ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ನಿರಾಕರಣೆ, ಆಮೇಲೆ ಕುಸಿತ. ನಮ್ಮ ದೃಷ್ಟಿಯಲ್ಲಿ ಚಿತ್ರದ ಜೀವ ಇರುವುದು ಇಲ್ಲಿ. ಹೆಂಡತಿಯನ್ನು ಬಿಟ್ಟುಬಿಡು ಎಂದು ಯಾರೂ ಹೇಳುವುದಿಲ್ಲ, ಬಿಡುವ ಯೋಚನೆ ಅವನಿಗೂ ಬರುವುದಿಲ್ಲ. ಸತ್ಯ ಹೇಳಿ ಜೊತೆಗೆ ನಿಂತವನು ಆಪ್ತಮಿತ್ರ. ಹೆಸರು ಸರಿಯಾಗಿಯೇ ಇದೆ.

ಆದರೆ ಜನ ಮನೆಗೆ ಒಯ್ದದ್ದು ಯಾವುದನ್ನು? ನಾಗವಲ್ಲಿಯನ್ನು. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ವಿಷ್ಣುವರ್ಧನ್ ತೀರಿಕೊಂಡರು. ಇದೇ ಕಥೆಯ ಮುಂದಿನ ಭಾಗ 'ಆಪ್ತರಕ್ಷಕ', ಅವರ ಇನ್ನೂರನೆಯ ಚಿತ್ರ, 2010ರ ಫೆಬ್ರವರಿ 19ರಂದು ಬಿಡುಗಡೆಯಾದಾಗ ಅವರಿರಲಿಲ್ಲ. ಎರಡು ಚಿತ್ರ, ಎರಡು ಸಾವು. ಸಾಕಲ್ಲ! ನಾಗವಲ್ಲಿಯ ಶಾಪ ಎಂದು ಗಾಂಧಿನಗರದಿಂದ ಹಿಡಿದು ಟೀವಿ ಚಾನೆಲ್ಲುಗಳವರೆಗೆ ಗುಲ್ಲೋ ಗುಲ್ಲು. ನಮ್ಮ ರಾಲಿಯ ಪಾಟ್‌ಲಕ್ಕುಗಳಲ್ಲೂ ಇಂಜಿನಿಯರುಗಳು, ವಿಜ್ಞಾನಿಗಳು ದನಿ ತಗ್ಗಿಸಿ ಅದನ್ನೇ ಮಾತಾಡಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಇರುಳು ಕಂಡ ಬಾವಿಗೆ ಹಗಲು ಬಿದ್ದರು ಎಂಬ ಗಾದೆ ಇಂಥವರಿಗೇ ಇರಬೇಕು.

ಶಾಪವಿದ್ದರೆ ಅದು ಮೊದಲು ತಟ್ಟಬೇಕಾದದ್ದು ಮೊದಲ ನಾಗವಲ್ಲಿಗೆ ತಾನೇ? ಶೋಭನಾ ಅವರು ಆ ಪಾತ್ರದ ಮೇಲೂ ದಶಕಗಳ ಕಾಲ ನಟಿಸುತ್ತ, ಕುಣಿಯುತ್ತ, ಮಕ್ಕಳಿಗೆ ಭರತನಾಟ್ಯ ಕಲಿಸುತ್ತ ಬಂದರು. 2024ರ ಆಗಸ್ಟ್‌ನಲ್ಲಿ ಆ ಹಳೆಯ ಚಿತ್ರ ಹೊಸ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂತು, 2025ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಇದನ್ನು ಶಾಪ ಎನ್ನುವುದಾದರೆ ನಮಗೂ ಒಂದಿಷ್ಟು ಇರಲಿ!

ತಮಾಷೆ ಬಿಡಿ. ಮುಂದೆ ಬಂದ ಚಿತ್ರಗಳನ್ನು ನೋಡಿ. 'ಆಪ್ತರಕ್ಷಕ'ದಲ್ಲಿ ಆ ಕ್ರೂರ ರಾಜ ನೂರು ದಾಟಿದ ಮೇಲೂ ಜೀವಂತ, ನಾಗವಲ್ಲಿಯ ಚಿತ್ರಪಟ ಹೋದಲ್ಲೆಲ್ಲ ಅನಿಷ್ಟ, ಜೊತೆಗೆ ಹಾವು. 2022ರ ಹಿಂದಿ ಮುಂದುವರಿಕೆಯಲ್ಲಿ, 2023ರ 'ಚಂದ್ರಮುಖಿ 2'ರಲ್ಲಿ ದೆವ್ವ ಸಾಕ್ಷಾತ್ ದೆವ್ವವೇ. ಮೊದಲ ಚಿತ್ರ ಎರಡೂವರೆ ಗಂಟೆ ಕಷ್ಟಪಟ್ಟು ಹೊರಗೆ ಕಳಿಸಿದ ದೆವ್ವವನ್ನು ಅದರ ಮಕ್ಕಳು ಮರಿಗಳು ಮತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡವು. ಪ್ರೇಕ್ಷಕರಿಗೆ ಬೇಕಾದದ್ದು ಅದೇ ಎಂದು ನಿರ್ಮಾಪಕರು ತಿಳಿದರು. ತಪ್ಪು ತಿಳಿದರು ಎಂದು ನಾವು ಹೇಳಲಾರೆವು.

ಯಾಕೆ ಹೀಗಾಯಿತು? ನಮ್ಮ ಉತ್ತರ ಇಷ್ಟೇ: ದೆವ್ವ ಅಗ್ಗ, ಕಾಯಿಲೆ ದುಬಾರಿ. ದೆವ್ವ ಹೊರಗಿನಿಂದ ಬರುತ್ತದೆ, ಬಿಟ್ಟು ಹೋಗುತ್ತದೆ, ಮನೆತನಕ್ಕೆ ಕಳಂಕವಿಲ್ಲ. ಕಾಯಿಲೆ ಎಂದೊಡನೆ, ವಂಶದಲ್ಲಿ ಇದೆಯೇ, ಹುಡುಗಿಗೆ ಗಂಡು ಸಿಗುತ್ತದೆಯೇ, ಆಫೀಸಿನಲ್ಲಿ ತಿಳಿದರೆ ಏನು ಗತಿ ಎಂದು ನೂರು ಪ್ರಶ್ನೆ. ದೆವ್ವದ ಮಾತನ್ನು ಪಾಟ್‌ಲಕ್ಕಿನಲ್ಲಿ ಆಡಬಹುದು. ಕಾಯಿಲೆಯ ಮಾತನ್ನು ಆಡುವಂತಿಲ್ಲ.

ಇದು ನಮಗೆ ಹೇಗೆ ಗೊತ್ತೆಂದರೆ, ನಾವೂ ಆಡಲಿಲ್ಲ.

'ಆಪ್ತಮಿತ್ರ'ದ ಡಿವಿಡಿ ನಮ್ಮ ಮನೆಗೆ ಬಂದ ಮುಂದಿನ ಚಳಿಗಾಲ, 2005ರಲ್ಲಿ, ನಮ್ಮಿಬ್ಬರಲ್ಲಿ ಒಬ್ಬರ ನಿದ್ದೆ ಹೋಯಿತು. ಆಮೇಲೆ ಊಟ ಹೋಯಿತು, ಮಾತು ಹೋಯಿತು. ಗೋಡೆ ನೋಡುತ್ತ ಕೂರುವುದು, ಕಾರಣವಿಲ್ಲದೆ ಅಳುವುದು. ಇನ್ನೊಬ್ಬರು ಮಾಡಿದ ಘನಕಾರ್ಯವೆಂದರೆ ಎಲ್ಲರಿಗೂ "ವೈರಲ್ ಜ್ವರ" ಎಂದು ಹೇಳಿದ್ದು. ಆ ಜ್ವರ ಐದು ತಿಂಗಳು ಇತ್ತು! ಊರಿಗೆ ಫೋನ್ ಮಾಡಿದರೆ ದೃಷ್ಟಿ ತೆಗೆಸಿ ಎಂದರು, ಮನೆದೇವರಿಗೆ ಮುಡಿಪು ಕಟ್ಟಿ ಎಂದರು. ಕಟ್ಟಿದೆವು. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಆ ಯುಗಾದಿಗೆ ಒಂದು ಗಂಟೆಯ ಮಟ್ಟಿಗಾದರೂ ಜನರ ನಡುವೆ ಹೋಗೋಣ ಎಂದು ಹೊರಟೆವು. ವೇದಿಕೆಯ ಮೇಲೆ ಪ್ರಹಸನ ನಡೆಯುತ್ತಿತ್ತು. ಕೂದಲು ಕೆದರಿಕೊಂಡ ಒಬ್ಬರು ನಾಗವಲ್ಲಿಯಾಗಿ ಬಂದರು. ಸಭೆಯೆಲ್ಲ ಚಪ್ಪಾಳೆ ಹೊಡೆದು ನಕ್ಕಿತು. ನಮ್ಮಲ್ಲಿ ಒಬ್ಬರೂ ನಕ್ಕರು, ಅಭ್ಯಾಸ ಬಲ. ಇನ್ನೊಬ್ಬರು ಎದ್ದು ಹೊರಗೆ ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನಲ್ಲಿ ಕುಳಿತರು.

ಪ್ರಹಸನ ಮಾಡಿದವರ ತಪ್ಪಲ್ಲ. ಅವರಿಗೆ ಗೊತ್ತಾಗುವ ಹಾಗೆ ನಾವೇನು ಹೇಳಿದ್ದೆವು? ಆ ರಾತ್ರಿ ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಕುಳಿತಿದ್ದವರು ಐದು ತಿಂಗಳಲ್ಲಿ ಮೊದಲ ಸಲ ಒಂದು ಪೂರ್ತಿ ವಾಕ್ಯ ಹೇಳಿದರು: "ಸಿನಿಮಾದಲ್ಲಿ ಅವಳ ಗಂಡ ಡಾಕ್ಟರ ಮಾತು ಕೇಳಿದ." ಅಷ್ಟೇ. ಮರುವಾರ ನಾವು ಡಾಕ್ಟರ ಬಳಿ ಹೋದೆವು. ಗುಣವಾಗಲು ವರ್ಷದ ಮೇಲಾಯಿತು, ನಡುವೆ ಒಮ್ಮೆ ಮರುಕಳಿಸಿತು, ಈಗ ಚೆನ್ನಾಗಿದ್ದೇವೆ. ನಮ್ಮಿಬ್ಬರಲ್ಲಿ ಯಾರು ಎಂದು ಇಲ್ಲಿ ಬರೆದಿಲ್ಲ. ಮುಚ್ಚಿಡುವುದಕ್ಕಲ್ಲ, ನಮ್ಮನ್ನು ಮುಂದಿನ ಸಲ ನೋಡಿದಾಗ ಯಾರು ಯಾರು ಎಂದು ನೀವು ಹುಡುಕಿದರೆ ಇಬ್ಬರಲ್ಲೂ ಕಾಣದಿರಲಿ ಎಂದು! ಕಾಯಿಲೆ ಮುಖದ ಮೇಲೆ ಬರೆದಿರುವುದಿಲ್ಲ. ಗಂಗೆಯ ಮುಖದಲ್ಲೂ ಬರೆದಿರಲಿಲ್ಲ. ಅದಕ್ಕೇ ಎಲ್ಲರೂ ಬೇರೆ ಹುಡುಗಿಯನ್ನು ಸಂಶಯಿಸಿದ್ದು.

ಕನ್ನಡ ಚಿತ್ರರಂಗ ಈ ವಿಷಯವನ್ನು ಇದಕ್ಕಿಂತ ನೇರವಾಗಿ ಬಹಳ ಹಿಂದೆಯೇ ಹೇಳಿತ್ತು ಎಂಬುದು ನಮಗೆ ಆಮೇಲೆ ನೆನಪಾಯಿತು. ತ್ರಿವೇಣಿಯವರ 'ಶರಪಂಜರ'. ಅದನ್ನು 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದರು, ಕಲ್ಪನಾ ಕಾವೇರಿಯಾದರು. ಬಾಣಂತನದ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಮನೆ ಗುಣವಾಗಿಲ್ಲ. ನೆರೆಹೊರೆಯವರ ಪಿಸುಮಾತು, ಗಂಡನ ಅಸಡ್ಡೆ, ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಕೊನೆಗೆ ಅವಳನ್ನು ಮತ್ತೆ ಅಲ್ಲಿಗೇ ಕಳಿಸುತ್ತಾರೆ. ಅಲ್ಲಿ ದೆವ್ವವಿಲ್ಲ, ಬೀಗ ಹಾಕಿದ ಕೋಣೆಯಿಲ್ಲ. ಭಯಾನಕವಾಗಿರುವುದು ನಾವೇ, ಅಂದರೆ ಸುತ್ತಲಿನವರು. 'ಶರಪಂಜರ' ನೋಡಿದವರಿಗೆ 'ಆಪ್ತಮಿತ್ರ' ಮುಗಿಯುವ ಜಾಗದಲ್ಲಿ ನಿಜವಾದ ಕಥೆ ಶುರುವಾಗುತ್ತದೆ ಎಂದು ತಿಳಿಯುತ್ತದೆ. ಗುಣವಾದ ಗಂಗೆಯನ್ನು ಮರುದಿನದಿಂದ ಆ ಮನೆಯವರು ಹೇಗೆ ನೋಡಿದರು? ಅಡಿಗೆಮನೆಯಲ್ಲಿ ಅವಳ ಕೈಗೆ ಚಾಕು ಕೊಟ್ಟರೇ? ಮಗುವನ್ನು ಎತ್ತಿಕೊಳ್ಳಲು ಬಿಟ್ಟರೇ? ವಾಸು ಅವರು ಅದನ್ನು ತೋರಿಸಲಿಲ್ಲ. ಎರಡನೆಯ ಭಾಗ ಮಾಡುವಾಗ ಹಾವು ಬಿಟ್ಟು ಅದನ್ನು ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಬೆಂಗಳೂರಿನಲ್ಲಿ ಬೆಳೆದವರಿಗೆ ನೆನಪಿರಬಹುದು. ಚೇಷ್ಟೆ ಮಾಡಿದ ಹುಡುಗರನ್ನು "ನಿಮ್ಹಾನ್ಸ್‌ಗೆ ಸೇರಿಸುತ್ತೇನೆ" ಎಂದು ಹೆದರಿಸುತ್ತಿದ್ದರು. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಸಂಸ್ಥೆಯನ್ನೂ ಕೂಡಿಸಿ ಕಟ್ಟಿದ, ದೇಶಕ್ಕೇ ಹೆಸರಾದ ಸಂಸ್ಥೆ ನಮ್ಮ ಬಾಯಲ್ಲಿ ಬೈಗುಳವಾಗಿತ್ತು. ಇಲ್ಲಿ ರಾಲಿಯವರೇನೂ ನಮಗಿಂತ ಮೇಲಲ್ಲ. ಡೌನ್‌ಟೌನ್ ಪಕ್ಕದ ಗುಡ್ಡದ ಮೇಲಿನ ಡಿಕ್ಸ್ ಆಸ್ಪತ್ರೆಯ ಹೆಸರನ್ನೂ ಒಂದು ಕಾಲದಲ್ಲಿ ಜನ ಹಾಗೇ ಬಳಸುತ್ತಿದ್ದರು ಎಂದು ಆಫೀಸಿನ ಹಿರಿಯರೊಬ್ಬರು ನಮಗೆ ಹೇಳಿದ್ದರು. ಡೊರೊಥಿಯಾ ಡಿಕ್ಸ್ ಎಂಬ ಮಹಿಳೆ ಜೈಲು, ಕೊಟ್ಟಿಗೆಗಳಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳ ಪರವಾಗಿ 1848ರಲ್ಲಿ ಈ ರಾಜ್ಯದ ಶಾಸನಸಭೆಯ ಮುಂದೆ ಹೋರಾಡಿ ಕಟ್ಟಿಸಿದ ಆಸ್ಪತ್ರೆ ಅದು. 1856ರಲ್ಲಿ ತೆರೆಯಿತು, 2012ರಲ್ಲಿ ಮುಚ್ಚಿತು. 2015ರಲ್ಲಿ ನಗರಸಭೆ ಆ 308 ಎಕರೆಯನ್ನು ಉದ್ಯಾನಕ್ಕಾಗಿ ಕೊಂಡಿತು.

ಹೌದು, ಅದೇ ಡಿಕ್ಸ್ ಪಾರ್ಕ್. ಜುಲೈ ತಿಂಗಳಲ್ಲಿ ಸೂರ್ಯಕಾಂತಿ ಹೂವಿನ ನಡುವೆ ರೇಷ್ಮೆ ಸೀರೆ, ಲಂಗದಾವಣಿ ಉಟ್ಟು ನಾವೆಲ್ಲ ಫೋಟೋ ತೆಗೆಸಿಕೊಳ್ಳುವ ಜಾಗ. ಅದೇ ನೆಲದಲ್ಲಿ ಆಸ್ಪತ್ರೆಯ ರೋಗಿಗಳ ಸ್ಮಶಾನವಿದೆ, ನೂರಾರು ಗೋರಿಗಳು. ನಾವು ಹೋದ ವರ್ಷ ಮೊದಲ ಸಲ ಅಲ್ಲಿಯವರೆಗೆ ನಡೆದು ಹೋದೆವು. ಹೆದರಿಕೆಯೇನೂ ಆಗಲಿಲ್ಲ. ಇವರಲ್ಲಿ ಎಷ್ಟು ಜನರಿಗೆ ನೋಡಲು ಮನೆಯವರು ಬರುತ್ತಿದ್ದರೋ ಎಂದು ಮಾತ್ರ ಅನಿಸಿತು.

ಮೋರಿಸ್‌ವಿಲ್‌ನ ಆ ಹುಡುಗಿಯ ಪ್ರಶ್ನೆಗೆ ನಾವು ಇನ್ನೂ ಉತ್ತರ ಹೇಳಿಲ್ಲ. ಈ ಪತ್ರಿಕೆ ಅವಳ ಮನೆಗೂ ಬರುತ್ತದೆ, ಕನ್ನಡ ಓದಲು ಬಾರದಿದ್ದರೆ ಅಮ್ಮ ಓದಿ ಹೇಳಲಿ. ಮಗೂ, ದೆವ್ವ ಎಲ್ಲೂ ಇರಲಿಲ್ಲ. ನೀನು ಸರಿಯಾಗಿಯೇ ನೋಡಿದೆ. ಚಿತ್ರವೂ ಸರಿಯಾಗಿಯೇ ಹೇಳಿತ್ತು, ಸ್ವಲ್ಪ ಗಲಾಟೆ ಜಾಸ್ತಿ ಅಷ್ಟೇ. ನಾವು ಹಿರಿಯರು ಕೇಳಿಸಿಕೊಳ್ಳಲಿಲ್ಲ.

'ಆಪ್ತಮಿತ್ರ'ವನ್ನು ಮತ್ತೊಮ್ಮೆ ನೋಡಿ ಎಂದು ಎಲ್ಲರಿಗೂ ನಮ್ಮ ಶಿಫಾರಸು. ಈ ಸಲ ನಾಗವಲ್ಲಿಯ ಕುಣಿತ ಬಂದಾಗ ಸೌಂದರ್ಯ ಅವರ ಕಾಲು ನೋಡಿ ಮೆಚ್ಚಿ, ಆದರೆ ಅದಕ್ಕೆ ಮೊದಲು ಗಂಗೆಯ ಕಣ್ಣು ನೋಡಿ. ಆಮೇಲೆ ಸಾಧ್ಯವಾದರೆ 'ಶರಪಂಜರ' ನೋಡಿ. ಮನೆಯಲ್ಲಿ ಯಾರಿಗಾದರೂ ನಿದ್ದೆ, ಊಟ, ಮಾತು ವಾರಗಟ್ಟಲೆ ಹೋಗಿದ್ದರೆ ವೈರಲ್ ಜ್ವರ ಎನ್ನಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. ತೀರಾ ಸಂಕಟದ ಹೊತ್ತಿನಲ್ಲಿ ಈ ದೇಶದಲ್ಲಿ 988 ಎಂಬ ನಂಬರಿಗೆ ಹಗಲು ರಾತ್ರಿ ಫೋನ್ ಮಾಡಬಹುದು. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ 14416 ಎಂಬ ಟೆಲಿಮನಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಕ್ಯಾರಿಯಲ್ಲಿ ನಮ್ಮ ಮನೆಯೂ ಇದೆ. ಫೋನ್ ಮಾಡಿ ಬನ್ನಿ, ಮಾಡದೆಯೂ ಬನ್ನಿ. ಕಾಫಿ ಇರುತ್ತದೆ.